ಗಾಜು ಹಾಕದ ಬೂಟುಗಳು

ನಮ್ಮ ಊರಿನವರು ಆ ಕೋಣೆಗೆ ಇಟ್ಟಿದ್ದ ಹೆಸರು ‘ಸತ್ತೋರ ಬಟ್ಟೆ ಮನೆ’. ಬೈಲಕುಪ್ಪೆಯ ಟಿಬೆಟ್ ಕ್ಯಾಂಪಿನವರು ಅದನ್ನು ಮ್ಯೂಸಿಯಂ ಎನ್ನುತ್ತಿದ್ದರು. ಎಪ್ಪತ್ತರ ದಶಕ ಶುರುವಾದಾಗ ಎರಡು ವರ್ಷ ನಾನು ಅದರ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದವಳು. ಆಗ ನನಗೆ ಇಪ್ಪತ್ತೆರಡು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಇಳಿದಿಲ್ಲ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಕ್ಯಾಂಪಿಗೆ ಅಂಟಿಕೊಂಡ ಹಳ್ಳಿ ನಮ್ಮದು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ, ಅಕ್ಷರ ದುಂಡಗಿತ್ತು. ಪಿರಿಯಾಪಟ್ಟಣ, ಹುಣಸೂರಿನ ಶಾಲೆಯ ಮಕ್ಕಳನ್ನು ಮೇಷ್ಟ್ರುಗಳು ಲಾಮಾಗಳ ಗುಡಿ ತೋರಿಸಲು ಕರೆತರುತ್ತಿದ್ದರು. ಅವರು ಈ ಕೋಣೆಯನ್ನೂ ನೋಡಬೇಕು, ಓದಿ ತಿಳಿಯಬೇಕು ಎಂದು ಕ್ಯಾಂಪಿನ ಹಿರಿಯರಿಗೆ ಆಸೆ. ಅದಕ್ಕೆ ಕನ್ನಡದಲ್ಲಿ ಚೀಟಿ ಬರೆಯುವವರು ಬೇಕಿತ್ತು. ಚೀಟಿ ಬರೆಯಲು ಸೇರಿದ ನಾನು ಗುಡಿಸಿ, ಒರೆಸಿ, ಬಾಗಿಲು ತೆಗೆದು ಹಾಕುವವಳೂ ಆದೆ.

ಕೋಣೆ ಮೊದಲು ಮುಸುಕಿನ ಜೋಳದ ಉಗ್ರಾಣವಾಗಿತ್ತು. ಉದ್ದನೆಯ ಹೆಂಚಿನ ಕಟ್ಟಡ, ಮುಂದೆ ಒಂದು ಬಾಗಿಲು, ಹಿಂದೆ ಒಂದು ಕಿಟಕಿ. ಒಳಗಿದ್ದದ್ದೆಲ್ಲ ಜನ ಬೆನ್ನ ಮೇಲೆ ಹೊತ್ತು ಹಿಮದ ಬೆಟ್ಟ ದಾಟಿಸಿದ ಸಾಮಾನು. ಬೆಣ್ಣೆ ಹಾಕಿ ಟೀ ಕಡೆಯುವ ಮರದ ಕೊಳವೆ, ಹೆಂಗಸರು ಸೊಂಟಕ್ಕೆ ಕಟ್ಟುವ ಪಟ್ಟೆಪಟ್ಟೆ ಉಣ್ಣೆ ಬಟ್ಟೆ, ಬೆಳ್ಳಿಯ ತಾಯಿತದ ಡಬ್ಬಿ, ಕುದುರೆಯ ಜೀನು, ಕುಣಿತಕ್ಕೆ ಹಾಕುವ ಎರಡು ಮುಖವಾಡ, ಕುರಿಚರ್ಮದ ಒಂದು ಉದ್ದ ಕೋಟು. ತಂದವರಲ್ಲಿ ಎಷ್ಟೋ ಜನ ಇಲ್ಲಿಯ ಸೆಕೆಗೆ, ಜ್ವರಕ್ಕೆ ಮೊದಲ ವರ್ಷಗಳಲ್ಲೇ ಹೋಗಿಬಿಟ್ಟಿದ್ದರು. ಸಾಮಾನು ಉಳಿದಿತ್ತು.

ನಮ್ಮವ್ವನಿಗೆ ಈ ಕೆಲಸ ಒಂಚೂರೂ ಹಿಡಿಸಲಿಲ್ಲ.

“ಸತ್ತೋರ ಬಟ್ಟೇನ ಯಾರಾದ್ರೂ ಮಡಿಕ್ಕತ್ತಾರೇನೇ? ಜತೇಲೇ ಸುಡ್ತೀವಿ, ಇಲ್ಲ ಹೊಳೆಗೆ ಬುಡ್ತೀವಿ. ಗಾಜಿನ ಪೆಟ್ಗೇಲಿಟ್ಟು ಕಾಯಾಕೆ ನೀನೇ ಬೇಕಾಗಿತ್ತಾ?”

ಸಂಜೆ ನಾನು ಬಂದರೆ ಹಿತ್ತಲಲ್ಲೇ ತಡೆದು, ಕಾಲಿಗೆ ಒಂದು ಬಿಂದಿಗೆ ನೀರು ಹುಯ್ದುಕೊಂಡ ಮೇಲೇ ಒಳಗೆ ಬಿಡುತ್ತಿದ್ದಳು. ನಾನು ಅವಳನ್ನು ಗೇಲಿ ಮಾಡುತ್ತಿದ್ದೆ. ಆದರೆ ನಿಜ ಹೇಳಿಬಿಡುತ್ತೇನೆ. ಬೆಳಿಗ್ಗೆ ನಾನು ಬೀಗ ತೆಗೆದು ಬಾಗಿಲು ನೂಕಿದಾಗ ಒಳಗೆ ಯಾರೋ ಮಾತಾಡುತ್ತಿದ್ದವರು ಗಪ್ಪನೆ ಬಾಯಿ ಮುಚ್ಚಿಕೊಂಡ ಹಾಗೆ ಅನ್ನಿಸುತ್ತಿತ್ತು. ಒಂದು ದಿನವಲ್ಲ, ದಿನಾ. ನಾನು ಬೇಕೆಂದೇ ಜೋರಾಗಿ ಕೆಮ್ಮಿ ಒಳಗೆ ಹೋಗುತ್ತಿದ್ದೆ.

ಕೋಣೆಯ ಮೇಲ್ವಿಚಾರಣೆ ಕ್ಯಾಂಪಿನ ಶಾಲೆಯ ಮೇಷ್ಟ್ರದು. ಐವತ್ತರ ಆಸುಪಾಸಿನ ಟಿಬೆಟಿನವರು, ದಪ್ಪ ಗಾಜಿನ ಕನ್ನಡಕ, ಕಡ್ಡಿಯಂಥ ಮೈ. ಪಿರಿಯಾಪಟ್ಟಣದ ರೇಷನ್ ಅಂಗಡಿಯಲ್ಲಿ ಜಗಳವಾಡಿಯೇ ಕನ್ನಡ ಕಲಿತವರು, ಹಾಗಾಗಿ ಅವರ ಕನ್ನಡದಲ್ಲಿ ಬೈಗುಳಕ್ಕೆ ಬರವಿರಲಿಲ್ಲ. ಅವರು ಹುಣಸೂರಿನಿಂದ ಒಬ್ಬ ಬಡಗಿಯನ್ನು ಕರೆಸಿ ಹೊನ್ನೆ ಮರದ ಚೌಕಟ್ಟಿಗೆ ಗಾಜು ಕೂರಿಸಿದ ದೊಡ್ಡ ಪೆಟ್ಟಿಗೆಗಳನ್ನು ಮಾಡಿಸಿದರು. ಎಲ್ಲ ಸಾಮಾನೂ ಗಾಜಿನೊಳಗೆ ಹೋಯಿತು, ಬೀಗ ಬಿತ್ತು. ಒಂದು ಜೊತೆ ಬೂಟು ಮಾತ್ರ ಹೊರಗೆ, ತೆರೆದ ಹಲಗೆಯ ಮೇಲೆ ಉಳಿಯಿತು.

ಆ ಬೂಟು ಒಬ್ಬ ಅಜ್ಜಿಯ ಮಗನದು.

ಮೊಣಕಾಲವರೆಗೆ ಬರುವ ಉಣ್ಣೆಯ ಬೂಟು, ಅಡಿಭಾಗಕ್ಕೆ ಚರ್ಮ. ಹಾಕಿಕೊಂಡ ಮೇಲೆ ಜಾರದಂತೆ ಮೇಲೆ ಸುತ್ತುವುದಕ್ಕೆ ಬಣ್ಣದ ನೇಯ್ಗೆಯ ಒಂದು ಪಟ್ಟಿ. ಪಟ್ಟಿ ನೇಯ್ದವಳು ಅಜ್ಜಿಯೇ. ಎರಡು ಬೂಟನ್ನೂ ಆ ಪಟ್ಟಿಯಿಂದ ಒಂದಕ್ಕೊಂದು ಸೇರಿಸಿ, ಎರಡು ಗೇಣು ಸಡಿಲ ಬಿಟ್ಟು, ನಡುವೆ ಗಂಟು ಹಾಕಿತ್ತು. ಗಂಟು ಹಾಕಿದವನು ಮಗ.

ಆ ಕಥೆಯನ್ನು ಅಜ್ಜಿ ನನಗೆ ಹತ್ತು ಸಲವಾದರೂ ಹೇಳಿದ್ದಾಳೆ. ಜೋಳದ ಹೊಲದಲ್ಲಿ ನಮ್ಮ ಹೆಂಗಸರ ಜೊತೆ ಕಳೆ ಕೀಳುತ್ತಾ ಕಲಿತ ಕನ್ನಡ ಅವಳದು, ನಮ್ಮವ್ವನ ಮಾತಿಗೂ ಅವಳ ಮಾತಿಗೂ ವ್ಯತ್ಯಾಸವೇ ಇರಲಿಲ್ಲ. ತಪ್ಪಿಸಿಕೊಂಡು ಬರುವಾಗ ಬೆಟ್ಟದಲ್ಲಿ ಒಂದು ಹೊಳೆ ಅಡ್ಡ ಬಂತು. ಹಿಮ ಕರಗಿದ ನೀರು. ಬೂಟು ನೆನೆಯಬಾರದೆಂದು ಮಗ ಕಳಚಿ, ಪಟ್ಟಿಯಿಂದ ಕಟ್ಟಿ, ತಾಯಿಯ ಕತ್ತಿಗೆ ನೇತುಹಾಕಿದ. ತಾಯಿಯನ್ನು ಬೆನ್ನ ಮೇಲೆ ಹೊತ್ತು ದಾಟಿಸಿದ. ಕಾಲುನೋವಿನ ತಂದೆ ಇನ್ನೂ ಹಿಂದಿನ ದಡದಲ್ಲೇ ಕೂತಿದ್ದ. ತಾಯಿಯನ್ನು ಇಳಿಸಿ ತಂದೆಯನ್ನು ತರಲು ಮಗ ಮತ್ತೆ ನೀರಿಗಿಳಿದ. ಹೊಳೆಯ ಮೇಲೆ ಮಂಜು ಇಳಿಯಿತು. ಅವನೂ ಬರಲಿಲ್ಲ, ಗಂಡನೂ ಬರಲಿಲ್ಲ. ಜೊತೆಯವರು ಎಳೆದುಕೊಂಡು ಹೊರಡುವವರೆಗೆ ಅವಳು ಅಲ್ಲೇ ಕೂತಿದ್ದಳು, ಕತ್ತಿನಲ್ಲಿ ಬೂಟು.

ಹನ್ನೆರಡು ವರ್ಷ ಕಳೆದಿತ್ತು. ಮಠದವರು, ನೆರೆಯವರು ಎಲ್ಲರೂ ಹೇಳಿ ಸೋತಿದ್ದರು. ಹೋದವನಿಗೆ ಮಾಡಬೇಕಾದ ಪೂಜೆ ಮಾಡಿಸಬೇಕು, ಹೆಸರು ಬರೆದ ಕಾಗದವನ್ನು ದೀಪಕ್ಕೆ ಹಿಡಿದು ಸುಡಬೇಕು, ಇಲ್ಲದಿದ್ದರೆ ಅವನು ದಾರಿ ಕಾಣದೆ ಅಲೆಯುತ್ತಾನೆ ಎಂದು. ಅವಳು ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ.

“ಬರಿಗಾಲಲ್ಲಿ ಅವ್ನೆ ಕಣಮ್ಮಿ. ಬತ್ತಾನೆ. ಬಂದಾಗ ಬೂಟು ಬೇಕಲ್ವಾ? ಗಾಜಾಕಿ ಬೀಗ ಆಕ್ಬುಟ್ರೆ ಎಂಗೆ?”

ಗಾಜು ಹಾಕಬಾರದು, ಗಂಟು ಬಿಚ್ಚಬಾರದು. ಈ ಎರಡು ಮಾತಿನ ಮೇಲೆ ಅವಳು ಬೂಟು ಕೊಟ್ಟಿದ್ದು. ಮನೆಯಲ್ಲಿಟ್ಟರೆ ಇಲಿ ಕಡಿಯುತ್ತದೆ ಎಂಬ ಭಯಕ್ಕೆ ಕೊಟ್ಟಳೇ ಹೊರತು ಮ್ಯೂಸಿಯಂ ಚಂದ ಕಾಣಲಿ ಎಂದಲ್ಲ. ಕೊಪ್ಪದ ಹತ್ತಿರ ಕಾವೇರಿ ಸೇತುವೆ ದಾಟಿದರೆ ಕುಶಾಲನಗರದ ಸಂತೆ, ಕ್ಯಾಂಪಿನವರೆಲ್ಲ ಹೋಗುತ್ತಿದ್ದರು. ಅವಳು ಒಂದು ದಿನವೂ ಆ ಸೇತುವೆ ದಾಟಿದವಳಲ್ಲ.

ದಿನಾ ಬೆಳಿಗ್ಗೆ ಪ್ರಾರ್ಥನೆಯ ಚಕ್ರ ತಿರುಗಿಸುತ್ತಾ ಬರುತ್ತಿದ್ದಳು. ಚಪ್ಪಲಿಯನ್ನು ಬಾಗಿಲ ಹೊರಗೆ, ನನ್ನ ಚಪ್ಪಲಿಯ ಪಕ್ಕ ಬಿಡುತ್ತಿದ್ದಳು. ಅವರ ನಾಡಿನ ಚಳಿಗೆ ಮನೆಯೊಳಗೂ ಬೂಟು ಹಾಕಿಕೊಂಡೇ ಓಡಾಡುತ್ತಿದ್ದರಂತೆ. ಚಪ್ಪಲಿ ಹೊರಗೆ ಬಿಡುವುದನ್ನು ಅವಳು ಕಲಿತದ್ದು ನಮ್ಮ ಜಗುಲಿಗಳಲ್ಲಿ.

“ನಿಮ್ದು ಒಳ್ಳೆ ಪದ್ಧತಿ,” ಎನ್ನುವಳು. “ಬಾಗ್ಲಲ್ಲಿ ನೋಡುದ್ರೆ ಸಾಕು, ಒಳಗೆ ಯಾರು ಬಂದವ್ರೆ ಅಂತ ಗೊತ್ತಾಯ್ತದೆ.”

ಇನ್ನೊಂದು ವಿಷಯವಿದೆ. ಅದನ್ನು ಆಗ ನಾನು ಅಜ್ಜಿಗೆ ಹೇಳಲಿಲ್ಲ. ಸಂಜೆ ಹೊರಡುವ ಮೊದಲು ನಾನು ಎರಡು ಬೂಟನ್ನೂ ಸಮವಾಗಿ ನಿಲ್ಲಿಸುತ್ತಿದ್ದೆ. ಬೆಳಿಗ್ಗೆ ನೋಡಿದರೆ ಬಲಗಾಲಿನದು ನಾಲ್ಕು ಬೆರಳು ಮುಂದೆ ಇರುತ್ತಿತ್ತು. ಮೊದಲು ನಾನೇ ಸರಿಯಾಗಿ ಇಟ್ಟಿಲ್ಲ ಅಂದುಕೊಂಡೆ. ಆಮೇಲೆ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಗೀಟು ಹಾಕಿದೆ. ಗೀಟು ದಾಟಿತ್ತು. ಮೇಷ್ಟ್ರಿಗೆ ಹೇಳಿದರೆ, “ಇಲಿ ಕಣ್ರೀ, ಇನ್ನೇನು ದೆವ್ವಾನಾ?” ಎಂದು ರೇಗಿದರು. ನಾನು ಮನೆಯಿಂದ ಇಲಿಬೋನು ತಂದು ಕೊಬ್ಬರಿ ಚೂರು ಸಿಕ್ಕಿಸಿ ಹಲಗೆಯ ಮೇಲೇ ಇಟ್ಟೆ. ಬೆಳಿಗ್ಗೆ ಕೊಬ್ಬರಿ ಹಾಗೇ ಇತ್ತು. ಬೂಟು ಮುಂದೆ ಬಂದಿತ್ತು.

ಆ ವರ್ಷ ಆಷಾಢದಲ್ಲಿ ಸೋನೆ ಹಿಡಿದು ಎಂಟು ದಿನ ಬಿಡಲಿಲ್ಲ, ಕೋಣೆಯ ಬಾಗಿಲೂ ತೆಗೆಯಲಿಲ್ಲ. ಒಂಬತ್ತನೇ ದಿನ ಬಾಗಿಲು ತೆಗೆದರೆ ಎಲ್ಲದಕ್ಕೂ ಬೂಷ್ಟು. ಮುಖವಾಡಗಳ ಕೆನ್ನೆಯ ಮೇಲೆ, ಜೀನಿನ ಮೇಲೆ, ಬೂಟಿನ ಮೇಲೆ ಬೆಳ್ಳಗೆ ಕೂತಿತ್ತು. ಮೇಷ್ಟ್ರು ಯಾವುದೋ ಕಾಗದಪತ್ರಕ್ಕೆ ಮೈಸೂರಿಗೆ ಹೋಗಿದ್ದರು, ವಾಪಸು ಬರಲು ಎರಡು ಮೂರು ದಿನ ಬೇಕಿತ್ತು. ನಾನೊಬ್ಬಳೇ ಸೆರಗು ಸಿಕ್ಕಿಸಿ ನಿಂತೆ. ಗಾಜಿನ ಪೆಟ್ಟಿಗೆಗಳನ್ನು ತೆರೆದೆ. ಕುರಿಚರ್ಮದ ಕೋಟಿನ ಎರಡು ತೋಳಿಗೂ ಒಂದೇ ಬಿದಿರು ತೂರಿಸಿ, ಗಾಳಿಯಾಡಲೆಂದು ಹಿಂದಿನ ಕಿಟಕಿಗೆ ಅಡ್ಡವಾಗಿ ತೂಗುಹಾಕಿದೆ. ಬೂಟನ್ನು ಒಣಬಟ್ಟೆಯಲ್ಲಿ ಒರೆಸಿದೆ. ಒರೆಸುವಾಗ ಗಂಟನ್ನೂ ಒರೆಸಿದೆ. ಹುಣಸೆ ಬೀಜದಂತೆ ಗಟ್ಟಿಯಾಗಿ ಕೂತಿತ್ತು, ಬೆರಳಿಗೆ ಇನ್ನೂ ನೆನಪಿದೆ.

ಅಷ್ಟರಲ್ಲಿ ಹೊರಗೆ ತೆಳ್ಳನೆ ಬಿಸಿಲು ಬಂತು. ಬೂಟನ್ನು ಮೆಟ್ಟಿಲ ಮೇಲೆ ಇಟ್ಟೆ. ಗಳಿಗೆಯಲ್ಲೇ ಮತ್ತೆ ಹನಿ. ಓಡಿಹೋಗಿ ಎತ್ತಿ ಸೂರಿನ ಕೆಳಗೆ, ಬಾಗಿಲ ಪಕ್ಕ, ನನ್ನ ಚಪ್ಪಲಿಯ ಜೊತೆ ಇಟ್ಟೆ. ಬೆರಳಿನ ಕಡೆ ಗೋಡೆಗೆ, ಒಳಗೆ ಹೋದವರು ಬಿಟ್ಟು ಹೋಗುವ ಹಾಗೆ. ನಾನು ಯೋಚನೆ ಮಾಡಿ ಇಟ್ಟದ್ದಲ್ಲ. ಕಾಲಿಗೆ ಹಾಕುವುದನ್ನು ಎಲ್ಲಿ ಬಿಡಬೇಕು ಎಂದು ನಮ್ಮ ಕಡೆಯ ಹೆಂಗಸಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಕೈಯೇ ಇಡುತ್ತದೆ. ಇಟ್ಟವಳು ಬಿಂದಿಗೆ ತೆಗೆದುಕೊಂಡು ಬರಿಗಾಲಲ್ಲೇ ಬಾವಿಗೆ ಹೋದೆ.

ವಾಪಸು ಬಂದಾಗ ಬಾಗಿಲಲ್ಲಿ ಮೂರು ಜೊತೆ ಇದ್ದವು. ನನ್ನ ಚಪ್ಪಲಿ, ಬೂಟು, ಅದಕ್ಕೆ ಒತ್ತಿಕೊಂಡು ಅಜ್ಜಿಯ ಚಪ್ಪಲಿ. ಮೆಟ್ಟಿಲ ಮೇಲೆ ಪ್ರಾರ್ಥನೆಯ ಚಕ್ರ ಬಿದ್ದಿತ್ತು. ಅದನ್ನು ಅವಳು ಕೈಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. ಏನು ಮಾಡಿಟ್ಟಿದ್ದೇನೆ ಎಂದು ಆಗ ಹೊಳೆಯಿತು.

ಒಳಗೆ ಕತ್ತಲು ಕತ್ತಲು. ಕಿಟಕಿಯ ಬೂದು ಬೆಳಕಿಗೆ ಅಡ್ಡವಾಗಿ, ಭುಜ ಅಗಲಿಸಿಕೊಂಡು ಒಬ್ಬ ಗಂಡಸು ನಿಂತಿದ್ದ. ಕೋಟನ್ನು ತೂಗುಹಾಕಿದವಳು ನಾನೇ, ಆದರೂ ಬಿಂದಿಗೆ ಕೈಯಿಂದ ಜಾರುವುದರಲ್ಲಿತ್ತು. ಅಜ್ಜಿ ಅದರ ಮುಂದೆ ನೆಲದ ಮೇಲೆ ಕೂತಿದ್ದಳು. ತಗ್ಗಿದ ದನಿಯಲ್ಲಿ, ನಿಲ್ಲಿಸದೆ, ತನ್ನ ಭಾಷೆಯಲ್ಲಿ ಮಾತಾಡುತ್ತಿದ್ದಳು. ನನಗೆ ತಿಳಿದದ್ದು ಒಂದೇ ಪದ, ಅಮ್ಮ. ಅವರಲ್ಲೂ ಅಮ್ಮ ಎಂದರೆ ಅಮ್ಮನೇ.

ನನ್ನ ಹೆಜ್ಜೆ ಕೇಳಿ ತಿರುಗದೆಯೇ ಕೈ ಎತ್ತಿದಳು.

“ಸದ್ದು ಮಾಡ್ಬ್ಯಾಡ. ಬಂದವ್ನೆ. ದಣಿದವ್ನೆ. ಟೀ ತತ್ತಾ.”

‘ಅಜ್ಜಿ, ಅದು ಕೋಟು’ ಎಂದು ನಾನು ಹೇಳಬೇಕಿತ್ತು. ಯಾರ ಜೊತೆ ಬೇಕಾದರೂ ಜಗಳಕ್ಕೆ ನಿಲ್ಲುವ ನನ್ನ ನಾಲಗೆ ಅವತ್ತು ಅಂಗುಳಿಗೆ ಅಂಟಿಕೊಂಡಿತು. ಶಾಲೆಯ ಅಡುಗೆಮನೆಗೆ ಹೋಗಿ ಎರಡು ಲೋಟ ಟೀ ಹಾಕಿಸಿಕೊಂಡು ಬಂದೆ. ಎರಡು ಲೋಟ! ನನಗೇ ನಾಚಿಕೆಯಾಯಿತು.

ಅಷ್ಟರಲ್ಲಿ ಅವಳು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಚಕ್ರ ತಿರುಗಿಸುತ್ತಿದ್ದಳು. ಮುಖ ತೊಳೆದಿಟ್ಟ ಹಾಗೆ ಶಾಂತವಾಗಿತ್ತು. ಒಂದು ಲೋಟ ತೆಗೆದುಕೊಂಡು, “ಅವ್ನಿಗೆ ಒಳಗೆ ಮಡಗು,” ಎಂದಳು.

ನಾನೊಬ್ಬಳೇ ಒಳಗೆ ಹೋಗಬೇಕಾಯಿತು. ಬಾಗಿಲಿಂದ ಕಿಟಕಿಗೆ ಹದಿನೈದು ಹೆಜ್ಜೆ, ದಿನಾ ಗುಡಿಸುವವಳಿಗೆ ಗೊತ್ತಿಲ್ಲವೇ. ಅವತ್ತು ಮುಗಿಯಲೇ ಇಲ್ಲ. ಮುಖವಾಡಗಳನ್ನು ಒರೆಸಿ ನೆಲದ ಮೇಲಿಟ್ಟಿದ್ದೆ, ಅವುಗಳ ಕಣ್ಣಿನ ತೂತುಗಳು ನಾನು ಹೋದ ಕಡೆಯೇ ನೋಡುತ್ತಿದ್ದವು. ಲೋಟವನ್ನು ಕೋಟಿನ ಕೆಳಗಿಟ್ಟು, ಬೆನ್ನು ತೋರಿಸದೆ ಹಿಂದಕ್ಕೆ ಹಿಂದಕ್ಕೆ ನಡೆದುಕೊಂಡು ಹೊರಗೆ ಬಂದೆ. ಅಜ್ಜಿ ಟೀ ಕುಡಿದು, ಚಪ್ಪಲಿ ಮೆಟ್ಟಿ, “ಓಗ್ಬತ್ತೀನಿ,” ಎಂದು ದಿನದ ಹಾಗೇ ಹೊರಟಳು. ಅವಳು ತಿರುವು ದಾಟುವವರೆಗೆ ನೋಡುತ್ತಾ ನಿಂತೆ. ಆಮೇಲೆ ಬೂಟು ಎತ್ತಲು ಬಗ್ಗಿದೆ.

ಬೂಟು ತಿರುಗಿತ್ತು. ಗೋಡೆಗೆ ಮುಖ ಮಾಡಿ ಇಟ್ಟದ್ದು ಈಗ ದಾರಿಗೆ ಮುಖ ಮಾಡಿತ್ತು. ಗಂಟು ಬಿಚ್ಚಿಹೋಗಿತ್ತು. ಪಟ್ಟಿಯ ಎರಡು ತುದಿ ಎರಡು ಕಡೆ ನೆಟ್ಟಗೆ ಬಿದ್ದಿದ್ದವು.

ಮತ್ತೆ ಕಟ್ಟುವ ಧೈರ್ಯ ಬರಲಿಲ್ಲ. ಬೂಟನ್ನು ಹಲಗೆಯ ಮೇಲಿಟ್ಟು, ಪಟ್ಟಿಯನ್ನು ಪಕ್ಕದಲ್ಲಿ ಮಡಿಸಿಟ್ಟು, ಪೆಟ್ಟಿಗೆಗಳನ್ನು ಸಹ ಮುಚ್ಚದೆ ಬೀಗ ಜಡಿದು ಮನೆಗೆ ಓಡಿದೆ. ಅವ್ವ ನನ್ನ ಮುಖ ನೋಡಿದ್ದೇ ಏನೂ ಕೇಳದೆ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. “ಯೋಳುದ್ರೆ ಕೇಳೀಯಾ ನೀನು,” ಎಂದು ಬೈದಳು. ಬೈಸಿಕೊಂಡು ಹಾಯೆನಿಸಿತು.

ಮರುದಿನ ಲೋಟದಲ್ಲಿ ಟೀ ಹಾಗೇ ಇತ್ತು, ಇರುವೆ ಮುತ್ತಿತ್ತು. ಅದನ್ನು ಕಂಡು ನನಗೆ ಎಷ್ಟು ಸಮಾಧಾನವಾಯಿತು ಅಂದರೆ, ನಗಬೇಡಿ, ಇರುವೆಗಳಿಗೆ ಕೈಮುಗಿದೆ. ಬೂಟು ಸಮವಾಗಿ ನಿಂತಿದ್ದವು. ಬಲಗಾಲಿನದು ಗೀಟು ದಾಟಿರಲಿಲ್ಲ.

ಅಜ್ಜಿ ಅವತ್ತು ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ದಿನ ಮೇಷ್ಟ್ರು ಬಂದು ಕನ್ನಡಕ ಒರೆಸುತ್ತಾ ಹೇಳಿದರು: ಅಜ್ಜಿ ತಾನಾಗಿ ಮಠಕ್ಕೆ ಹೋಗಿ ಮಗನ ಪೂಜೆಗೆ ಒಪ್ಪಿಕೊಂಡಿದ್ದಾಳೆ, ನಾಳಿದ್ದೇ.

“ಹನ್ನೆರಡು ವರ್ಷ ನಾವು ತಲೆ ಚಚ್ಕೊಂಡ್ವಿ. ಏನಾಯ್ತು ಈಗ ಅವಳಿಗೆ? ನಿಮಗೇನಾದ್ರೂ ಗೊತ್ತಾ?”

“ನಂಗೇನ್ ಗೊತ್ತು?” ಎಂದು ಅವರ ಮೇಲೇ ರೇಗಿದೆ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮುದುಕಿಗೆ ಮೋಸ ಮಾಡಿದ್ದೆ ನಾನು. ಕೋಟು ತೋರಿಸಿ ಮಗ ಅಂದಿದ್ದೆ. ಬಾಯಲ್ಲಿ ಅನ್ನದಿದ್ದರೇನು, ಟೀ ತಂದಿಡಲಿಲ್ಲವೇ? ಈಗ ಅವಳು ಮಗ ಬಂದುಹೋದ ಎಂದು ನಂಬಿ ಕಾಗದ ಸುಡುತ್ತಾಳೆ. ಅವನು ಎಲ್ಲೋ ಬದುಕಿದ್ದರೆ? ಬದುಕಿದ್ದವನಿಗೆ ಸತ್ತವನ ಪೂಜೆ ಮಾಡಿಸಿದ ಪಾಪ ಯಾರ ತಲೆಗೆ ಸುತ್ತಿಕೊಳ್ಳುತ್ತದೆ? ಬೆಳಗಾದದ್ದೇ ಅವಳ ಮನೆಗೆ ಹೋದೆ.

ಅಜ್ಜಿ ಬಾಗಿಲಲ್ಲಿ ಕೂತು ತಕಲಿಯಲ್ಲಿ ಉಣ್ಣೆ ನೂಲುತ್ತಿದ್ದಳು. ನಾನು ಕೂರಲೂ ಇಲ್ಲ. ನಿಂತೇ ಎಲ್ಲ ಒದರಿದೆ. ಬೂಟು ಹೊರಗಿಟ್ಟವಳು ನಾನು, ಒಳಗಿದ್ದದ್ದು ಬರೀ ಕೋಟು, ನನ್ನನ್ನು ಏನು ಬೇಕಾದರೂ ಅನ್ನು, ಪೂಜೆ ಮಾತ್ರ ಮಾಡಿಸಬೇಡ, ಎಂದು ಅತ್ತುಬಿಟ್ಟೆ.

ಅವಳ ತಕಲಿ ನಿಲ್ಲಲಿಲ್ಲ.

“ಗೊತ್ತು ಕಣಮ್ಮಿ. ಆ ಕೋಟು ನಮ್ ಪಕ್ಕದ ಮನೆಯೋರ್ದು. ನನ್ ಮಗನ ಭುಜ ನಂಗೆ ಗೊತ್ತಿಲ್ವಾ?”

“ಮತ್ತೆ ಬಂದವ್ನೆ ಅಂದ್ಯಲ್ಲಜ್ಜಿ?”

“ಬಾಗ್ಲಲ್ಲಿ ಬೂಟು ಕಂಡಾಗ ಬಂದ ಅಂತಲೇ ಅಂದ್ಕಂಡೆ. ಉಸ್ರೇ ನಿಂತೋಯ್ತು. ಒಳಗೋದ್ಮೇಲೆ ಗೊತ್ತಾಯ್ತು. ಆದ್ರೂ ಕೂತ್ಕಂಡೆ. ಅವ್ನಿಗೆ ಒಂದು ಮಾತು ಯೋಳದಿತ್ತು.” ನೂಲನ್ನು ಬೆರಳಿಗೆ ಸುತ್ತಿಕೊಂಡಳು. “ಅವತ್ತು ಅವ್ನು ವಾಪಸ್ ಓಗಲ್ಲ ಅಂದಿದ್ದ. ನೀರು ಏರ್ತಾ ಅದೆ ಅಮ್ಮ, ಬ್ಯಾಡ ಅಂದ. ಓಗು, ನಿಮ್ಮಪ್ಪನ್ನ ಕರ್ಕಂಡೇ ಬಾ ಅಂತ ನೂಕ್ದೋಳು ನಾನು. ಇದ ಯಾರ್ಗೂ ಯೋಳಿಲ್ಲ. ಅವತ್ತು ಆ ಕೋಟಿಗೆ ಯೋಳ್ದೆ.”

ಅಷ್ಟು ಸಲ ಕೇಳಿದ್ದ ಕಥೆಯಲ್ಲಿ ಇದೊಂದು ಇರಲೇ ಇಲ್ಲ.

“ಯೋಳಾದ್ಮೇಲೆ ಇನ್ನು ಕಾಯ್ಬಾರ್ದು ಅನ್ನುಸ್ತು. ನೀನು ಟೀ ತರಾಕೋದಾಗ ಬೂಟ ದಾರಿ ಕಡೀಕೆ ತಿರುಗ್ಸಿ ಮಡಗ್ದೆ. ಓಗ್ಲಿ ಅಂತ.”

ಅಬ್ಬ ಅನ್ನಿಸಿತು. ತಿರುಗಿಸಿದ್ದು ಅವಳೇ. ಕಣ್ಣೊರೆಸಿಕೊಂಡು ನಕ್ಕೆ.

“ಅದ್ಕೇನಾ ಗಂಟೂ ಬಿಚ್ಚಿದ್ದು?”

ತಕಲಿ ನಿಂತಿತು.

“ಯಾವ ಗಂಟು?”

“ಬೂಟಿನ ಗಂಟು. ಪಟ್ಟಿ ಬಿಚ್ಚಿ ಬಿದ್ದಿತ್ತಲ್ಲ.”

“ನಾನು ಗಂಟು ಮುಟ್ಟಿಲ್ಲ. ತಿರುಗ್ಸಿ ಮಡಗ್ವಾಗ ಅಂಗೇ ಇತ್ತು.” ನನ್ನ ಮುಖವನ್ನೇ ನೋಡಿದಳು. “ನೀನಾ?”

“ಇಲ್ಲ ಅಜ್ಜಿ. ನಿನ್ನಾಣೆ. ನಾನು ಬಿಚ್ಚಿಲ್ಲ.”

ಚೆನ್ನಾಗಿ ಬೆಳಕಾಗಿತ್ತು. ಹೊಲದ ಕಡೆಯಿಂದ ಯಾರೋ ಎತ್ತಿಗೆ ಕೂಗುವುದು ಕೇಳುತ್ತಿತ್ತು. ನನ್ನ ಮೈಯ ರೋಮವೆಲ್ಲ ಎದ್ದು ನಿಂತಿತ್ತು. ಅಜ್ಜಿ ತಕಲಿಯನ್ನು ಮಡಿಲಲ್ಲಿಟ್ಟು, ಎರಡು ಕೈಯಲ್ಲೂ ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರು, ಮುಖದ ತುಂಬಾ ನಗು.

“ಗಂಟು ಬಿಚ್ಚದೆ ಬೂಟು ಆಕ್ಕಳಾಕ್ ಆಯ್ತದೇನಮ್ಮಿ?” ಎಂದಳು. “ಆಕ್ಕಂಡೋಗವ್ನೆ. ಇನ್ನು ಗಾಜಾಕ್ಬುಡು.”

ಮಾರನೆಯ ದಿನ ಪೂಜೆಯಾಯಿತು. ಅವಳೇ ತನ್ನ ಕೈಯಾರೆ ಹೆಸರಿನ ಕಾಗದವನ್ನು ದೀಪಕ್ಕೆ ಹಿಡಿದಳಂತೆ. ಬೂಟುಗಳು ಗಾಜಿನ ಪೆಟ್ಟಿಗೆಗೆ ಹೋದವು. ಪಟ್ಟಿಯನ್ನು ಮೊದಲಿನ ಹಾಗೆ ಕಟ್ಟಿಬಿಡೋಣ, ನೋಡುವವರಿಗೆ ಚೆನ್ನಾಗಿ ಕಾಣುತ್ತದೆ ಎಂದು ಮೇಷ್ಟ್ರು ಕೈ ಹಾಕಿದರು. ನಾನು ಅವರ ಮೇಲೆ ಎಗರಿಬಿದ್ದೆ. ಹೆದರಿ ಕೈ ತೆಗೆದರು. ನಾನು ಅಲ್ಲಿದ್ದಷ್ಟು ದಿನವೂ ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಮೊದಲು ಅಲ್ಲಿಗೇ ಹೋಗಿ ನೋಡುತ್ತಿದ್ದೆ. ಬೂಟು ಎರಡೂ ಸಮವಾಗಿ ನಿಂತಿರುತ್ತಿದ್ದವು. ಪಟ್ಟಿ ಬಿಚ್ಚಿದ ಹಾಗೇ ಇತ್ತು.